ಮೂರು ಪ್ರತಿ ಮಾವನ ಸರದಿ

ಅಂಗಡಿಯ ಗಾಜಿನ ಮೇಲಿದ್ದ ನಿನ್ನೆಯ ಹಾಳೆಯನ್ನು ಕಿತ್ತು ಇವತ್ತಿನದನ್ನು ಅಂಟಿಸುವವರೆಗೆ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೆಳಗ್ಗೆ ಏಳೂವರೆಗೆ ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳಿ, ಕಂಪ್ಯೂಟರಿನಲ್ಲಿ ಸರ್ಕಾರದ ಪುಟ ತೆರೆಯುತ್ತಿದ್ದರು. ಯಾವ ದೇಶದಿಂದ ಯಾರು ಬರಬಹುದು, ಯಾರು ಹೋಗಬಹುದು, ಸೋಂಕಿಲ್ಲ ಎನ್ನುವ ಚೀಟಿ ಎಷ್ಟು ಗಂಟೆ ಹಳೆಯದಾಗಿದ್ದರೆ ನಡೆಯುತ್ತದೆ, ಬಂದಿಳಿದವರು ಎಷ್ಟು ದಿನ ಹೋಟೆಲಿನಲ್ಲಿ ಒಬ್ಬರೇ ಇರಬೇಕು, ಇದನ್ನೆಲ್ಲ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬಿಳಿ ಹಾಳೆಗೆ ಇಳಿಸಿ ಗಾಜಿಗೆ ಅಂಟಿಸುತ್ತಿದ್ದರು. ನಿಯಮ ಬದಲಾಗದ ದಿನವೂ ಬಿಡುತ್ತಿರಲಿಲ್ಲ. ತಾರೀಖು ಹಾಕಿ, ಕೆಳಗೆ ‘ಬದಲಾವಣೆ ಇಲ್ಲ’ ಎಂದು ಬರೆದು ಹಚ್ಚುತ್ತಿದ್ದರು. ಆ ಸಾಂಕ್ರಾಮಿಕದ ವರ್ಷದಲ್ಲಿ ಅಂಥ ದಿನಗಳು ಬೆರಳೆಣಿಕೆಯಷ್ಟು.

ಅವರ ಅಂಗಡಿಗೂ ನನ್ನ ದಾರ-ಗುಂಡಿಯ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಆ ವರ್ಷ ಗುಂಡಿ ಕೇಳುವವರೇ ಇರಲಿಲ್ಲ. ಮಾಸ್ಕಿಗೆ ಹಾಕುವ ಎಲಾಸ್ಟಿಕ್ ಬಿಟ್ಟರೆ ಬೇರೆ ವ್ಯಾಪಾರವಿಲ್ಲ. ಹಾಗಾಗಿ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಕೂತರೆ, ಸಂಜೆಯವರೆಗೆ ಹಲಗೆಯಾಚೆಯ ಮಾತುಗಳೇ ನನಗೆ ಜೊತೆ. ಕದ್ದು ಕೇಳಿದೆ ಅನ್ನಬೇಡಿ. ಅವರು ಮಾತಾಡುತ್ತಿದ್ದುದೇ ಬೀದಿಗೆಲ್ಲ ಕೇಳುವ ಹಾಗೆ.

ಅರ್ಜಿ ಟೈಪ್ ಮಾಡುವುದು, ಜೆರಾಕ್ಸ್ ತೆಗೆಯುವುದು ಅವರ ಕಸುಬು. ಯಾವ ಕಾಗದ ಒಯ್ದರೂ ಮೊದಲ ಮಾತು ‘ಮೂರು ಪ್ರತಿ’. ಕಚೇರಿಯವರು ಎರಡು ಸಾಕು ಅಂದಿದ್ದಾರೆ ಎಂದರೆ, “ಒಂದು ಅವರು ಕಳೆಯೋಕೆ, ಒಂದು ನೀವು ಕಳೆಯೋಕೆ, ಒಂದು ಉಳಿಯೋಕೆ” ಎನ್ನುತ್ತಿದ್ದರು. ಹೀಗಾಗಿ ಊರಿನವರ ಬಾಯಲ್ಲಿ ಅವರು ಮೂರು ಪ್ರತಿ ಮಾವ. ವಿಮಾನ ಹತ್ತುವುದಿರಲಿ, ವಿಮಾನ ನಿಲ್ದಾಣದ ಗೇಟನ್ನೂ ದಾಟಿದವರಲ್ಲ. ಆದರೆ ಯಾವ ದೇಶದ ಬಾಗಿಲು ಎಷ್ಟು ತೆರೆದಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಆ ದಿನಗಳಲ್ಲಿ ಹೊರಗೆ ಸಿಕ್ಕಿಕೊಂಡವರು ದೇಶದೊಳಗೆ ಬರಬೇಕಾದರೆ ಒಂದು ಪದ್ಧತಿಯಿತ್ತು. ವಾರಕ್ಕೆ ಮುನ್ನೂರು ಜನಕ್ಕೆ ಮಾತ್ರ ಪ್ರವೇಶ. ಅರ್ಜಿಯನ್ನು ಇಲ್ಲಿರುವ ಸಂಬಂಧಿಕರೇ ಹಾಕಬೇಕು. ಬಂದವರು ಹದಿನಾಲ್ಕು ದಿನ ಹೋಟೆಲ್ ಬಿಟ್ಟು ಅಲ್ಲಾಡದಂತೆ ನೋಡಿಕೊಳ್ಳುತ್ತೇನೆ ಎಂದು ಜಾಮೀನು ಸಹಿ ಹಾಕಿ ಕಂಪ್ಯೂಟರಿನಲ್ಲಿ ಕಳಿಸಬೇಕು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಪಟ್ಟಿ ತೆರೆಯುತ್ತಿತ್ತು. ಮುನ್ನೂರು ತುಂಬಿದ ಕೂಡಲೇ ಮುಚ್ಚುತ್ತಿತ್ತು. ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಇನ್ನೊಂದು ಸೋಮವಾರ ಬರುವ ತನಕ ಕಣ್ಣು ಕಣ್ಣು ಬಿಡಬೇಕು.

ಮಾವ ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಟೋಕನ್ ಮಾಡಿದ್ದರು. ಸೋಮವಾರ ಎಂಟು ಗಂಟೆಗೆ, ಸಾಲಿನಲ್ಲಿ ನಿಂತವರಿಗೆ ನಿಂತ ಕ್ರಮದಲ್ಲೇ ಹಂಚುವುದು. ಬಂದು ನಿಂತವರಿಗೆ ಮಾತ್ರ ಟೋಕನ್; ಫೋನಿನಲ್ಲಿ ಹೇಳಿ ಇಟ್ಟುಕೊಳ್ಳುವಂತಿಲ್ಲ. ಯಾರೋ ದೊಡ್ಡ ಅಧಿಕಾರಿಯ ಹೆಂಡತಿ ಬಂದು “ನಾನು ಯಾರು ಗೊತ್ತಾ?” ಎಂದರು. ಮಾವ ರಟ್ಟಿನ ಚೂರು ಕೈಗಿಟ್ಟು, “ಗೊತ್ತು, ಇಪ್ಪತ್ತೆರಡನೆಯವರು” ಅಂದರು. ಅದು ನಾನು ಕಿವಿಯಾರೆ ಕೇಳಿದ್ದು.

ಇಷ್ಟೆಲ್ಲ ಊರಿಗೆ ದಾರಿ ತೋರಿಸುವ ಮಾವನ ಸ್ವಂತ ಹೆಂಡತಿಯೇ ಆಚೆ ದೇಶದಲ್ಲಿ ಸಿಕ್ಕಿಕೊಂಡಿದ್ದರು. ತಂಗಿಯ ಮಂಡಿ ಆಪರೇಷನ್ನಿಗೆ ಆಸರೆಯಾಗಿರಲೆಂದು ಮೂರು ವಾರಕ್ಕೆ ಹೋದ ಅತ್ತೆ, ಮೂರು ಜೊತೆ ಬಟ್ಟೆ ಒಯ್ದಿದ್ದರು. ಹತ್ತೊಂಬತ್ತನೆಯ ದಿನ ಗಡಿ ಮುಚ್ಚಿತು. ಮೂರು ತಿಂಗಳು ನೊಣವೂ ದಾಟಲಿಲ್ಲ. ಆಮೇಲೆ ಈ ಸೋಮವಾರದ ಪಟ್ಟಿ ಶುರುವಾಗಿ ಐದು ತಿಂಗಳಾಗಿತ್ತು. ತಂಗಿ ಈಗ ಮೆಟ್ಟಿಲು ಹಾರಿ ಇಳಿಯುತ್ತಿದ್ದಳು. “ಅವಳ ಮಂಡಿ ವಾಸಿಯಾಯ್ತು, ಈಗ ಸೋಫಾದ ಮೇಲೆ ಮಲಗಿ ಮಲಗಿ ನನ್ನ ಮಂಡಿ ಹೋಯ್ತು” ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. ಮಾವನ ಎರಡೂ ಕೈ ಕೀಲಿಮಣೆಯ ಮೇಲಿರುತ್ತಿದ್ದುದರಿಂದ ಫೋನು ಯಾವಾಗಲೂ ಸ್ಪೀಕರಿನಲ್ಲೇ. ಸಾಲಿನಲ್ಲಿದ್ದವರೆಲ್ಲ ಅತ್ತೆಗೆ ನಮಸ್ಕಾರ ಹೇಳುವರು.

ಪ್ರತಿ ಸೋಮವಾರ ಹನ್ನೊಂದಕ್ಕೆ ಅತ್ತೆಯ ಕರೆ.

“ಏನಾಯ್ತು ರೀ?”

“ಈ ವಾರವೂ ಪಟ್ಟಿ ಮುಚ್ಚಿ ಹೋಯ್ತು ಕಣೇ.”

“ಹಾಳಾದ ಸರ್ಕಾರ! ಅವರಿಗೇನು ಹೆಂಡ್ತಿ ಮಕ್ಕಳಿಲ್ವಾ?”

“ಇರ್ತಾರೆ. ಎಲ್ಲ ಮನೇಲೇ ಇರ್ತಾರೆ” ಎಂದು ಮಾವ ನಿಟ್ಟುಸಿರು ಬಿಡುತ್ತಿದ್ದರು.

ಆ ಒಂದು ಸೋಮವಾರ ಮಾತ್ರ ಕರೆ ಹತ್ತೂವರೆಗೇ ಬಂತು. ‘ಏನಾಯ್ತು ರೀ’ ಇಲ್ಲ.

“ರೀ, ನನ್ನ ಟೋಕನ್ ನಂಬರ್ ಎಷ್ಟು?”

ಕೀಲಿಮಣೆಯ ಸದ್ದು ನಿಂತಿತು.

“ನಿಂಗ್ಯಾಕೆ ಟೋಕನ್ನು? ನೀನು ಮನೆಯವಳು.”

“ಮನೆಯವಳು ಮನೆ ನೋಡಿ ಎಂಟು ತಿಂಗಳಾಯ್ತು. ಡ್ರೈವಿಂಗ್ ಸ್ಕೂಲಿನವನ ಅಮ್ಮ ನಿನ್ನೆ ಫೋನ್ ಮಾಡಿದ್ರು. ಮಗಳ ಹೆರಿಗೆಗೆ ಅಂತ ನಾನು ಬಂದು ಎಷ್ಟೋ ತಿಂಗಳಾದ್ಮೇಲೆ ಬಂದೋರು ಅವರು. ಈಗ ಹೋಟೆಲ್ ವಾಸನೂ ಮುಗಿಸಿ ಮನೇಲಿ ಕೂತಿದ್ದಾರೆ! ‘ನಿಮ್ಮ ಯಜಮಾನ್ರು ಚಿನ್ನದಂಥೋರು, ಎರಡನೇ ವಾರಕ್ಕೇ ಕೆಲಸ ಆಯ್ತು, ನಮ್ದು ಮೂರನೇ ಟೋಕನ್ನು’ ಅಂದ್ರು. ನಂದು ಎಷ್ಟನೇದು ಅಂತ ಅವರು ಕೇಳಿದ್ರೆ ನಾನೇನು ಹೇಳ್ಲಿ?”

“ನಿಂದು… ಕೊನೇಲಿ ಹಾಕ್ತೀನಿ.”

“ಕೊನೇಲಿ ಅಂದ್ರೆ?”

“ಎಲ್ಲರದೂ ಆದ್ಮೇಲೆ.”

“ಎಲ್ಲರದೂ ಆದ್ಮೇಲೆ ಪಟ್ಟಿ ಇರತ್ತಾ?”

ಅಂಗಡಿಯಲ್ಲಿದ್ದ ನಾಲ್ಕೈದು ಜನ ಚಾವಣಿಯಲ್ಲಿ ಏನೋ ಹುಡುಕತೊಡಗಿದರೆಂದು ಆಮೇಲೆ ತಿಳಿಯಿತು.

“ಅಂಗಡಿ ಇಟ್ಟೋನೇ ತನ್ನದನ್ನ ಮುಂದೆ ಹಾಕ್ಕೊಂಡ್ರೆ ಜನ ಏನಂತಾರೆ ಹೇಳು?”

“ಏನಂತಾರೆ? ಗಂಡ ಅಂತಾರೆ.”

ಹಲಗೆಯ ಈಚೆ ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟುಕೊಂಡೆ. ಅಷ್ಟರಲ್ಲಿ ಅತ್ತೆಯ ದನಿ ಇಳಿಯಿತು.

“ಐದು ತಿಂಗಳಿಂದ ಸರ್ಕಾರನ ಬೈತಾ ಇದ್ದೆ ರೀ. ಪಾಪ. ನೋಡಿ, ನಂಗೆ ಇಲ್ಲಿರೋಕೆ ಕೊಟ್ಟಿರೋ ಅನುಮತಿ ಈ ತಿಂಗಳ ಕೊನೆಗೆ ಮುಗಿಯತ್ತೆ. ಮೂರು ಸಲ ಮುಂದಕ್ಕೆ ಹಾಕಿದ್ರು. ಇನ್ನು ಹಾಕಲ್ಲ ಅಂತ ಕಾಗದ ಬಂದಿದೆ. ಬರೋ ಸೋಮವಾರ ಬಿಟ್ರೆ ಆಮೇಲೆ ಹಾಕಿ ಪ್ರಯೋಜನ ಇಲ್ಲ. ಇಲ್ಲೂ ಇರೋ ಹಾಗಿಲ್ಲ, ಅಲ್ಲೂ ಬರೋ ಹಾಗಿಲ್ಲ. ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂರ್ತೀನಾ? ನಂಗೆ ನನ್ನ ಮಂಚ ಬೇಕು ರೀ. ಟೋಕನ್ ತಗೊಳ್ಳಿ.”

ಆ ವಾರ ಮಾವ ಮಾತು ಕಡಿಮೆ ಮಾಡಿದರು. ನನ್ನ ಅಂಗಡಿಗೆ ಒಮ್ಮೆ ಬಂದು, ಬೇಕಿಲ್ಲದ ಎಲಾಸ್ಟಿಕ್ ಒಂದು ಗಜ ಕೊಂಡು, “ಅಕ್ಕ, ನಾನು ತಪ್ಪು ಮಾಡಿದ್ನಾ?” ಎಂದು ಕೇಳಿದರು. ತಮ್ಮವರನ್ನು ಹಿಂದೆ ನಿಲ್ಲಿಸಿದರೆ ನ್ಯಾಯ ಮಾಡಿದಂತೆ ಎಂದು ಅವರು ನಂಬಿದ್ದರು. ಹಿಂದೆ ನಿಲ್ಲಿಸುವುದು ಬೇರೆ, ಸಾಲಿನಲ್ಲೇ ನಿಲ್ಲಿಸದಿರುವುದು ಬೇರೆ ಎಂದು ನಾನು ಹೇಳಬಹುದಿತ್ತು. ಆದರೆ ಅತ್ತೆ ಅದನ್ನು ಆಗಲೇ ನನಗಿಂತ ಚೆನ್ನಾಗಿ ಹೇಳಿಯಾಗಿತ್ತು. “ಸೋಮವಾರ ಬೇಗ ಬನ್ನಿ” ಎಂದಷ್ಟೇ ಹೇಳಿ, ರಾತ್ರಿ ದೇವರ ಮುಂದೆ ಅತ್ತೆಯ ಹೆಸರನ್ನೂ ಸೇರಿಸಿಕೊಂಡೆ.

ಸೋಮವಾರ ಬೆಳಗ್ಗೆ ಆರಕ್ಕೆ ನಾನು ಬರುವಷ್ಟರಲ್ಲಿ ಸಾಲು ನಿಂತಿತ್ತು. ದೂರ ದೂರ ನಿಲ್ಲಲೆಂದು ಕಾಲುದಾರಿಯ ಮೇಲೆ ಮಾವನೇ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಹದಿನಾಲ್ಕನೆಯ ವೃತ್ತದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಕಾಗದದ ಚೀಲ ಹಿಡಿದು, ತಮ್ಮ ಅಂಗಡಿಯ ಬೀಗ ಹಾಕಿದ ಶಟರನ್ನೇ ನೋಡುತ್ತ ಮೂರು ಪ್ರತಿ ಮಾವ ನಿಂತಿದ್ದರು. ಐದಕ್ಕೇ ಬಂದರಂತೆ. ಅಷ್ಟು ಹೊತ್ತಿಗೆ ಅವರ ಮುಂದೆ ಹದಿಮೂರು ಜನ.

“ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ ಮಾವ?” ಎಂದು ಹಿಂದಿನ ವೃತ್ತಗಳಿಂದ ಕ್ಷೌರದಂಗಡಿಯವನು ಕೂಗಿದ.

“ಏಳೂವರೆಗೆ” ಎಂದರು ಮಾವ ಗಂಭೀರವಾಗಿ.

“ಯಜಮಾನ್ರು ಭಾರೀ ಸ್ಟ್ರಿಕ್ಟಂತೆ. ಸ್ವಂತ ಹೆಂಡ್ತಿನೂ ಒಳಗೆ ಬಿಡಲ್ಲ ಅಂತಾರೆ.”

ಸಾಲು ಪೂರ್ತಿ ಮಾಸ್ಕಿನೊಳಗೇ ನಕ್ಕಿತು. ಮಾವನ ಕಿವಿ ಕೆಂಪಾಯಿತು. ಮುಂದೆ ಬನ್ನಿ ಎಂದು ಮಾತ್ರ ಯಾರೂ ಕರೆಯಲಿಲ್ಲ. ಕರೆದರೆ ಬೈಸಿಕೊಳ್ಳಬೇಕಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಏಳೂವರೆಗೆ ಮಾವ “ಈ ಜಾಗ ನೋಡ್ಕೊಳ್ಳಿ” ಎಂದು ಹಿಂದಿನವನಿಗೆ ಹೇಳಿ, ಸಾಲು ಬಿಟ್ಟು ಹೋಗಿ ಶಟರ್ ಎತ್ತಿದರು. ಹಾಳೆ ಬರೆದು ಅಂಟಿಸಿದರು. ಎಂಟಕ್ಕೆ ಹೊರಗೆ ಬಂದು ಹದಿಮೂರು ಜನಕ್ಕೆ ಹದಿಮೂರು ಟೋಕನ್ ಕೊಟ್ಟರು. ಹದಿನಾಲ್ಕನೆಯ ವೃತ್ತದ ಹತ್ತಿರ ಬಂದು, ಅದರಲ್ಲಿ ಒಂದು ಸಲ ನಿಂತು, ಟೋಕನನ್ನು ತಮ್ಮ ಜೇಬಿಗೆ ಹಾಕಿಕೊಂಡು, ಹದಿನೈದನೆಯವರ ಕಡೆ ನಡೆದರು.

ಒಂಬತ್ತಕ್ಕೆ ಪಟ್ಟಿ ತೆರೆಯಿತು. ಅರ್ಜಿಗಳನ್ನು ಮೊದಲೇ ಟೈಪ್ ಮಾಡಿ ಇಟ್ಟಿರುತ್ತಿದ್ದರು. ಸಹಿ ಮಾಡಿದ ಹಾಳೆ ಸ್ಕ್ಯಾನ್ ಮಾಡಿ ಕಳಿಸುವುದಷ್ಟೇ ಉಳಿದ ಕೆಲಸ. ಒಂದಕ್ಕೆ ಒಂದೂವರೆ ನಿಮಿಷ. ಆರನೆಯ ಟೋಕನ್ನಿನವರು ಟೈಪಿಂಗ್ ಟೀಚರಮ್ಮ. ಊರಿನ ಅರ್ಧ ಜನಕ್ಕೆ ಬೆರಳು ಹಿಡಿದು ಟೈಪಿಂಗ್ ಕಲಿಸಿ ನಿವೃತ್ತರಾದವರು. ತಮ್ಮ ತಂಗಿಯ ಅರ್ಜಿ ಹೋದ ಮೇಲೂ ಅವರು ಮನೆಗೆ ಹೋಗದೆ ಮೂಲೆಯಲ್ಲಿ ನಿಂತರು. ಬೇರೆ ಯಾರೂ ಹೋಗಲಿಲ್ಲ. ನಾನೂ ಅಂಗಡಿ ಬಿಟ್ಟು ಬಾಗಿಲಿಗೆ ಬಂದಿದ್ದೆ.

ಹದಿಮೂರು ಮುಗಿಯಿತು. ಗಂಟೆ ಒಂಬತ್ತು ಇಪ್ಪತ್ತು. ಮಾವ ಕುರ್ಚಿಯಿಂದ ಎದ್ದರು, ಮೇಜು ಸುತ್ತಿ ಈಚೆ ಬಂದರು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಟೋಕನ್ ಎದುರಿಗಿಟ್ಟರು. ಆಚೆ ಕುರ್ಚಿ ಖಾಲಿ.

“ಏನ್ ಮಾವ ಇದು!” ಕ್ಷೌರದಂಗಡಿಯವನು ಚೀರಿದ.

“ಅರ್ಜಿ ಹಾಕಿದವನೇ ಪರಿಶೀಲನೆ ಮಾಡಬಾರದು. ಇನ್ನೊಬ್ಬರ ಕಣ್ಣು ಬೀಳಬೇಕು. ಎಲ್ಲರಿಗೂ ಅದೇ ಪದ್ಧತಿ.”

“ಗಂಟೆ ನೋಡಿ ಮಾವ, ಗಂಟೆ!”

ಟೀಚರಮ್ಮ ಮೂಲೆಯಿಂದ ಬಂದು ಧಡಕ್ಕನೆ ಕುರ್ಚಿಯಲ್ಲಿ ಕೂತರು. ಕನ್ನಡಕ ಏರಿಸಿದರು.

“ಅರ್ಜಿದಾರರು ನಿಮಗೇನಾಗಬೇಕು?”

“ಹೆಂಡತಿ.”

“ಎಷ್ಟು ವರ್ಷದಿಂದ?”

“ಅದು ಫಾರಮ್ಮಿನಲ್ಲಿ ಇಲ್ಲ.”

“ನಾನು ಕೇಳ್ತಿದ್ದೀನಿ.”

“ಮೂವತ್ತೊಂದು.”

“ಪಾಪ ಅವರು. ಎಲ್ಲಿ, ಹೋಟೆಲ್ ಕಾಗದ? ಸರಿ. ಅಲ್ಲಿನ ಆರೋಗ್ಯ ಕಚೇರಿ ಪತ್ರ? ಸರಿ.” ಕೊನೆಯ ಹಾಳೆಗೆ ಬಂದವರು ನಿಂತರು. “ಜಾಮೀನುದಾರರ ಸಹಿ ಎಲ್ಲಿ?”

ಮಾವ ಬಗ್ಗಿ ನೋಡಿದರು. ಸಹಿಯ ಜಾಗದಲ್ಲಿ ಪೆನ್ಸಿಲಿನ ಒಂದು ಚಿಕ್ಕ ಗುಣಾಕಾರದ ಗುರುತು. ಅಷ್ಟೇ. ಎರಡನೆಯ ಪ್ರತಿ ತೆಗೆದರು, ಮೂರನೆಯದು ತೆಗೆದರು. ಮೂರರಲ್ಲೂ ಗುರುತು ಇತ್ತು, ಸಹಿ ಇರಲಿಲ್ಲ.

ಊರವರ ಅರ್ಜಿಗಳಿಗೆಲ್ಲ ಆ ಗುರುತು ಹಾಕಿ, ಪೆನ್ನು ಕೈಗಿಟ್ಟು, “ಇಲ್ಲಿ” ಎಂದು ಬೆರಳು ತೋರಿಸುವುದು ಅವರ ಅಭ್ಯಾಸ. ತಮ್ಮ ಹೆಂಡತಿಯ ಅರ್ಜಿಗೂ ಹಾಗೇ ಗುರುತು ಹಾಕಿದ್ದರು. “ಇಲ್ಲಿ” ಎನ್ನಲು ಎದುರಿಗೆ ಯಾರೂ ಇರಲಿಲ್ಲ. ಐದು ತಿಂಗಳು ಪ್ರತಿ ವಾರ, ಸಹಿಯಿಲ್ಲದ ಹಾಳೆಯನ್ನೇ ಶ್ರದ್ಧೆಯಿಂದ ಜೋಡಿಸಿ ತಯಾರಿಟ್ಟಿದ್ದರು. ಮೊದಲನೆಯ ಟೋಕನ್ ಅತ್ತೆಗೇ ಕೊಟ್ಟಿದ್ದರೂ ಅರ್ಜಿ ವಾಪಸು ಬರುತ್ತಿತ್ತು.

ಟೀಚರಮ್ಮ ಪೆನ್ನು ತೆಗೆದು ಅವರ ಕೈಗಿಟ್ಟು ಬೆರಳು ತೋರಿಸಿದರು. “ಇಲ್ಲಿ.”

ಮಾವ ಸಹಿ ಹಾಕಿದರು. ಹಾಕಿ, ಎರಡನೆಯ ಪ್ರತಿಯನ್ನು ಎಳೆದುಕೊಂಡು ಅದಕ್ಕೂ ಹಾಕತೊಡಗಿದರು.

“ಒಂದು ಸಾಕು!” ಇಡೀ ಸಾಲು ಒಂದೇ ದನಿಯಲ್ಲಿ ಕೂಗಿತು. ಟೀಚರಮ್ಮ ಮೊದಲ ಹಾಳೆಯನ್ನು ಕಿತ್ತುಕೊಂಡು ಸ್ಕ್ಯಾನರಿನ ಮೇಲೆ ಬಡಿದರು. ಹಸಿರು ಬೆಳಕು ಬಸವನ ಹುಳುವಿನಂತೆ ಆ ತುದಿಯಿಂದ ಈ ತುದಿಗೆ ಹರಿಯಿತು. ಅವರ ಬೆರಳು ಓಡಿದ ವೇಗಕ್ಕೆ ಕೀಲಿಮಣೆಯ ಮೇಲೆ ಮಳೆ ಬಿದ್ದ ಸದ್ದಾಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಮಾವ ಅದನ್ನು ನೋಡದೆ ಕಣ್ಣು ಮುಚ್ಚಿ ಕೂತಿದ್ದರು. ನಾನೂ ಮುಚ್ಚಿದೆ, ಆದರೆ ನನ್ನದು ಬೇರೆ ಕಾರಣಕ್ಕೆ.

“ಸ್ವೀಕರಿಸಲಾಗಿದೆ” ಎಂದು ಟೀಚರಮ್ಮ ಗಟ್ಟಿಯಾಗಿ ಓದಿದರು. “ಕ್ರಮ ಸಂಖ್ಯೆ ಇನ್ನೂರ ತೊಂಬತ್ತೊಂದು.”

ಚಪ್ಪಾಳೆ ಬಿತ್ತು. ಮಾವ ಕಣ್ಣು ತೆರೆದು ಮೊದಲು ಹೇಳಿದ್ದು, “ಹದಿನೈದನೆಯವರು ಬನ್ನಿ.” ಆಮೇಲೆ ಎದ್ದು ಕನ್ನಡಕ ಒರೆಸಿಕೊಂಡರು.

ಹದಿನೈದು, ಹದಿನಾರು ಹೋದವು. ಹದಿನೇಳನೆಯದು ಕ್ಷೌರದಂಗಡಿಯವನದು, ಆಚೆ ಇರುವ ತಮ್ಮನಿಗಾಗಿ. ಅವನ ಹಾಳೆ ಸ್ಕ್ಯಾನರಿನ ಮೇಲಿರುವಾಗಲೇ ಪಟ್ಟಿ ಮುಚ್ಚಿತು. ಮಾವ ತಲೆ ಎತ್ತಲಿಲ್ಲ. ಅವರ ಆ ಒಂದೂವರೆ ನಿಮಿಷ, ಸಹಿಯ ಗಲಾಟೆಯ ಮತ್ತೆರಡು ನಿಮಿಷ ಎಲ್ಲಿಗೆ ಹೋಯಿತೆಂದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

“ಬಿಡಿ ಮಾವ” ಎಂದ ಅವನು. “ಅತ್ತೆ ಎಂಟು ತಿಂಗಳು ಕಾದ್ರು. ನನ್ನ ತಮ್ಮನಿಗೆ ಒಂದು ವಾರ ಕಾಯೋಕೆ ಏನು ಧಾಡಿ? ಅವನಿಗೆ ಅಲ್ಲಿ ಮಂಚ ಬೇರೆ ಇದೆ.”

ಆಮೇಲಿನ ಎರಡು ವಾರ ಮಾವ ಅತ್ತೆಯನ್ನು ಫೋನಿನಲ್ಲೇ ತಯಾರು ಮಾಡಿದ ಪರಿ ಒಂದು ದೊಡ್ಡ ಕಥೆ. ಪರೀಕ್ಷೆಯ ಚೀಟಿ ಎಪ್ಪತ್ತೆರಡು ಗಂಟೆಗಿಂತ ಹಳೆಯದಾಗಬಾರದು. ಗಂಟೆ ಎಣಿಸುವುದು ಚೀಟಿ ಕೊಟ್ಟ ಹೊತ್ತಿನಿಂದಲ್ಲ, ಮೂಗಿಗೆ ಕಡ್ಡಿ ಹಾಕಿದ ಹೊತ್ತಿನಿಂದ. “ಕಡ್ಡಿ ಹಾಕುವಾಗ ಗಡಿಯಾರ ನೋಡ್ಕೋ” ಎಂದು ಇವರು. “ಕಡ್ಡಿ ಹಾಕುವಾಗ ದೇವರು ಕಾಣ್ತಾನೆ ರೀ, ಗಡಿಯಾರ ಎಲ್ಲಿ ಕಾಣತ್ತೆ?” ಎಂದು ಅವರು. ಕೊನೆಗೆ ಅರವತ್ತೊಂಬತ್ತು ಗಂಟೆಯ ಚೀಟಿ ಹಿಡಿದು ಅತ್ತೆ ಬಂದಿಳಿದರು. ಅವರ ಅನುಮತಿ ಮುಗಿಯಲು ಇನ್ನೆರಡು ದಿನವಿತ್ತು. ನಿಲ್ದಾಣದಿಂದ ನೇರ ಬಸ್ಸಿನಲ್ಲಿ ಊರಂಚಿನ ಹೋಟೆಲಿಗೆ ಕರೆದೊಯ್ದು ನಾಲ್ಕನೆಯ ಮಹಡಿಯ ಒಂದು ಕೋಣೆಯಲ್ಲಿ ಬಿಟ್ಟರು. ಹದಿನಾಲ್ಕು ದಿನ.

ಮಾವ ದಿನಾ ಸಂಜೆ ಅಂಗಡಿ ಮುಚ್ಚಿ ಆ ಹೋಟೆಲಿನ ಎದುರಿನ ಕಾಲುದಾರಿಯಲ್ಲಿ ಹೋಗಿ ನಿಲ್ಲುತ್ತಿದ್ದರು. ಅತ್ತೆ ಮೇಲೆ ಕಿಟಕಿಯಲ್ಲಿ. ಗಾಜು ತೆರೆಯುವಂತಿರಲಿಲ್ಲ. ಫೋನಿನಲ್ಲಿ ಮಾತು, ಕೈಯಲ್ಲಿ ಸನ್ನೆ. ನಾನೊಮ್ಮೆ ಜೊತೆಗೆ ಹೋಗಿದ್ದೆ.

“ಅಕ್ಕ, ಇವರು ತೆಳ್ಳಗಾಗಿದ್ದಾರಾ, ಇಲ್ಲಾ ಇಷ್ಟು ಮೇಲಿಂದ ಹಾಗೆ ಕಾಣತ್ತಾ?” ಎಂದು ಅತ್ತೆ ನನ್ನನ್ನು ಕೇಳಿದರು.

“ತೆಳ್ಳಗಾಗಿದ್ದಾರೆ” ಎಂದೆ.

“ಆಗ್ಲಿ ಬಿಡಿ. ನಿನ್ನೆ ಸೋಪು, ಟವೆಲ್ ಕಳ್ಸಿದ್ರು. ಜೊತೆಗೆ ಸಾಮಾನಿನ ಪಟ್ಟಿ. ಅದೂ ಮೂರು ಪ್ರತಿ. ಒಂದಕ್ಕೆ ಸಹಿ ಹಾಕಿ ವಾಪಸ್ ಕಳ್ಸು ಅಂತ! ಇಂಥೋರನ್ನ ನೋಡೋಕೆ ನಾನು ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಬಂದೆ.” ಬೈಯುತ್ತಲೇ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದರು. ಕೆಳಗೆ ಮಾವ ತಲೆ ಎತ್ತಿ ಎತ್ತಿ ಕತ್ತು ನೀವಿಕೊಳ್ಳುತ್ತಿದ್ದರು.

ಬಿಡುಗಡೆಯ ದಿನ ಸೋಮವಾರವೇ ಬಿತ್ತು. ಬೆಳಗ್ಗೆ ಒಂಬತ್ತಕ್ಕೆ ಹೋಟೆಲಿನ ಬಾಗಿಲಲ್ಲಿ ಕಾಗದ ಕೊಟ್ಟು ಬಿಡುತ್ತೇವೆಂದು ಹೇಳಿದ್ದರು. ಪಟ್ಟಿ ತೆರೆಯುವುದೂ ಒಂಬತ್ತಕ್ಕೇ.

ಶನಿವಾರ ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನವನು ಮಾವನ ಅಂಗಡಿಗೆ ಬಂದ. ತಾಯಿಯನ್ನು ಮೂರನೆಯ ಟೋಕನ್ನಿನಲ್ಲಿ ತರಿಸಿಕೊಟ್ಟ ಋಣ ಅವನ ಮನಸ್ಸಿನಲ್ಲಿತ್ತು.

“ಮಾವ, ನೀವು ಸೋಮವಾರ ಅಂಗಡಿ ಬಿಟ್ಟು ಬರೋಕಾಗಲ್ಲ ಅಂತ ನಂಗೊತ್ತು. ಅತ್ತೆನ ನಾನು ಕಾರಲ್ಲಿ ಕರ್ಕೊಂಡು ಬರ್ತೀನಿ. ಸಾಮಾನು ಎತ್ಕೊಂಡು ಮೆಟ್ಟಿಲು ಹತ್ತಿಸಿ, ಮನೆ ಬಾಗಿಲಿಗೆ ಬಿಟ್ಟು, ನಿಮ್ಗೆ ಫೋನ್ ಮಾಡ್ತೀನಿ. ನೀವು ಆರಾಮಾಗಿ ಅರ್ಜಿ ಕಳಿಸ್ತಾ ಇರಿ.”

ಹಲಗೆಯಾಚೆ ಕೀಲಿಮಣೆ ನಿಂತಿತು. ನಾನು ಎಲಾಸ್ಟಿಕ್ ಸುತ್ತುವುದನ್ನು ನಿಲ್ಲಿಸಿದೆ. ಕ್ಷೌರದಂಗಡಿಯವನ ತಮ್ಮನ ಅರ್ಜಿ ಮರುವಾರವೇ ಪಾಸಾಗಿತ್ತು. ಆದರೆ ಈ ಸೋಮವಾರಕ್ಕೆ ಬೇರೆ ಹತ್ತೊಂಬತ್ತು ಜನರ ಕಾಗದ ಮೇಜಿನ ಮೇಲೆ ತಯಾರಿತ್ತು.

“ಸೋಮವಾರ ಈ ಕುರ್ಚೀಲಿ ಟೀಚರಮ್ಮ ಕೂರ್ತಾರೆ” ಎಂದರು ಮಾವ. “ಕೇಳಿ ಆಯ್ತು. ಅವರು ನನಗಿಂತ ವೇಗ.”

“ಅದೆಲ್ಲ ಯಾಕೆ ಮಾವ ತೊಂದ್ರೆ? ಹೋಟೆಲು ನನ್ನ ದಾರೀಲೇ ಇದೆ. ನನಗೇನೂ ಭಾರ ಅಲ್ಲ.”

“ನಿನಗೆ ಭಾರ ಅಂತ ಅಲ್ಲಪ್ಪ. ನಿಂದು ಒಳ್ಳೆ ಮನಸ್ಸು. ಆದರೆ ಬೇಡ. ಅವಳು ಬಾಗಿಲಿಂದ ಹೊರಗೆ ಬಂದಾಗ ಎದುರಿಗೆ ನಾನು ನಿಂತಿರಬೇಕು.”